ನಲವತ್ತು ತಗಡಿನ ಹಾಡು

ನರ್ಸಮ್ಮನ ಮನೆಗೆಂದು ಬಂದ ನಲವತ್ತು ತಗಡು ಎಲ್ಲಿ ಹೋದವು ಎಂಬುದು ನಮ್ಮೂರಿನ ಮೇಕೆಗಳಿಗೂ ಗೊತ್ತು. ಸಂತೆ ಮೈದಾನದ ಪಕ್ಕ ಕೌನ್ಸಿಲರ್ ಕಪಲಮುಲನ ಬಿಯರ್ ಅಂಗಡಿಯ ಮೇಲೆ ಅವು ಕೆಂಪು ಬಣ್ಣ ಬಳಿಸಿಕೊಂಡು ಮಲಗಿವೆ. ಹೊರಗಿನಿಂದ ಬಣ್ಣ ಬಳಿದರೇನು, ಸರ್ಕಾರ ಹೊಡೆದ ಮುದ್ರೆ ಒಳಗಿನಿಂದ ಕಾಣುತ್ತದೆ. ಕುಡಿಯಲು ಹೋದ ಗಂಡಸರು ತಲೆ ಎತ್ತಿ ಅದನ್ನು ಓದುತ್ತಾರೆ, ಆಮೇಲೆ ತಲೆ ತಗ್ಗಿಸಿಕೊಂಡು ಕುಡಿದು ಬರುತ್ತಾರೆ. ನಮ್ಮ ಗಂಡಸರ ಪೌರುಷ ಅಲ್ಲಿಗೆ ಮುಗಿಯಿತು.

ಆರೋಗ್ಯ ಕೇಂದ್ರವೇನೋ ಇದೆ. ಅದರ ಹಿಂದೆ ನರ್ಸಮ್ಮನ ಮನೆಯ ಗೋಡೆಗಳೂ ನಿಂತಿವೆ. ಮೇಲೆ ಮಾಡು ಮಾತ್ರ ಇಲ್ಲ. ಇಬ್ಬರು ನರ್ಸುಗಳು ಬಂದರು, ಆಕಾಶ ಕಾಣುವ ಮನೆಯನ್ನು ನೋಡಿದರು, ಪೆಟ್ಟಿಗೆಯನ್ನೂ ಇಳಿಸದೆ ಬಂದ ಲಾರಿಯಲ್ಲೇ ಹೊರಟುಹೋದರು. ಅವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಡೋವಾ ಜಿಲ್ಲೆಯ ಮಳೆಯಲ್ಲಿ ಮಾಡು ಇಲ್ಲದ ಮನೆಯಲ್ಲಿ ಯಾರು ತಾನೇ ಮಲಗುತ್ತಾರೆ?

ನನ್ನ ಮಗಳು ಜಿಯೋನೆಗೆ ಎರಡು ವರ್ಷದ ಹಿಂದೆ ಹೆರಿಗೆ ನೋವು ಬಂದಾಗ ಬಾಡಿಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆವು. ಜಿಲ್ಲಾಸ್ಪತ್ರೆಗೆ ಹದಿನೆಂಟು ಕಿಲೋಮೀಟರು. ಸೇತುವೆ ದಾಟುವ ಮೊದಲೇ ಹುಲ್ಲಿನ ಮೇಲೆ ಮಗು ಬಂತು. ಕರುಳಬಳ್ಳಿ ಕೊರಳಿಗೆ ಸುತ್ತಿತ್ತು. ಬಿಡಿಸಲು ಗೊತ್ತಿದ್ದವರು ಯಾರೂ ಇರಲಿಲ್ಲ, ನಾನಿದ್ದೆ, ಸೈಕಲ್ಲಿನವನಿದ್ದ. ಈ ವರ್ಷ ಅವಳು ಮತ್ತೆ ಬಸುರಿಯಾದಾಗ ನನಗೆ ಬೇಕಾದದ್ದು ಒಂದೇ ಆಗಿತ್ತು. ಅವಳ ದಿನ ತುಂಬುವುದರೊಳಗೆ ಆ ಮನೆಗೆ ಮಾಡು ಬರಬೇಕು, ಮಾಡಿನ ಕೆಳಗೆ ಒಬ್ಬ ನರ್ಸು ಇರಬೇಕು.

ಊರ ಅಭಿವೃದ್ಧಿ ಸಮಿತಿಯವರನ್ನು ಕೇಳಿದೆವು. ನೋಡೋಣ ಎಂದರು. ಊರ ಯಜಮಾನ ಚಿಂಬಲಾಂಗ ನನ್ನ ದೊಡ್ಡಮ್ಮನ ಮಗ, ನನ್ನ ಜೊತೆ ಮಾವಿನಕಾಯಿ ಕದ್ದು ತಿಂದು ಬೆಳೆದವನು, ಅವನನ್ನೂ ಕೇಳಿದೆ. ಅವನೂ ನೋಡೋಣ ಎಂದ. ನೋಡುವುದೇನು ಬಂತು, ತಗಡು ಕಣ್ಣೆದುರಿಗೇ ಇದೆ. ಕೊನೆಗೆ ನಮ್ಮ ಹೆಂಗಸರಿಗೆ ಇದ್ದ ಒಂದೇ ಜಾಗಕ್ಕೆ ಹೋದೆವು, ಒರಳಿನ ಮುಂದಕ್ಕೆ.

ಒರಳಿನ ಮುಂದೆ ಹಾಡಿದ್ದಕ್ಕೆ ನಮ್ಮಲ್ಲಿ ದಂಡವಿಲ್ಲ. ಅಜ್ಜಿಯ ಕಾಲದಿಂದಲೂ ಅದು ಹಾಗೆಯೇ. ಮೆಕ್ಕೆಜೋಳ ಕುಟ್ಟುತ್ತ ಗಂಡನನ್ನು ಬಯ್ಯಿ, ಅತ್ತಿಗೆಯನ್ನು ಬಯ್ಯಿ, ಯಜಮಾನನನ್ನೇ ಹೆಸರು ಹಿಡಿದು ಬಯ್ಯಿ, ಕೇಳಿಸಿಕೊಂಡವನು ಕೇಳಿಸಲಿಲ್ಲ ಎನ್ನುವ ಹಾಗೆ ನಡೆದುಹೋಗಬೇಕು. ಏನಾದರೂ ಹೇಳಲೇಬೇಕು ಅನ್ನಿಸಿದರೆ ತಪ್ಪು ತಿದ್ದಿಕೊಳ್ಳಬೇಕು. ಚಿಂಬಲಾಂಗನಿಗೆ ಮುಂಚೆ ಯಜಮಾನನಾಗಿದ್ದ ಅವನ ಸೋದರಮಾವ ಸಾವಿನ ಮನೆಯ ಮೇಕೆಯನ್ನು ಗುಟ್ಟಾಗಿ ಮಾರಿಕೊಂಡಾಗ ನಮ್ಮಮ್ಮ ಹಾಡು ಕಟ್ಟಿದ್ದಳು. ಮೂರನೆಯ ದಿನಕ್ಕೆ ಮೇಕೆ ವಾಪಸ್ಸು ಬಂದಿತ್ತು, ಅದೂ ಮರಿಯ ಸಮೇತ.

ನಾನು ಕಟ್ಟಿದ ಹಾಡು ಹೀಗಿತ್ತು:

ಕುಟ್ಟೇ ತಂಗಿ ಕುಟ್ಟೇ, ಒನಕೆ ಎತ್ತಿ ಕುಟ್ಟೇ
ದಾರೀಲಿ ಹಡೆದೋಳ ಮಡಿಲು ಬರಿದೇ
ನಲವತ್ತು ತಗಡು ಬಿಸಿಲು ಕಾಯ್ತಾವೆ
ಕಪಲಮುಲನ ಅಂಗಡಿ ಮ್ಯಾಲೆ

ನನ್ನ ಎದುರು ಒನಕೆ ಹಾಕುವವಳು ಎನಿಫಾ. ಮೂವತ್ತು ವರ್ಷದಿಂದ ನನ್ನ ಒನಕೆ ಮೇಲೆ ಹೋದಾಗ ಅವಳದು ಕೆಳಗೆ ಬರುತ್ತದೆ, ಒಮ್ಮೆಯೂ ತಾಗಿಲ್ಲ. ಅವಳ ಗಂಟಲು ನನ್ನದಕ್ಕಿಂತ ದೊಡ್ಡದು, ಬಾಯಿ ಅದಕ್ಕಿಂತಲೂ ದೊಡ್ಡದು. ಎರಡೇ ವಾರದಲ್ಲಿ ಹಾಡು ಏಳು ಊರಿನ ಒರಳು ಮುಟ್ಟಿತು. ನೀರಿಗೆ ಹೋಗುವ ಹುಡುಗಿಯರು ಹಾಡಿದರು, ಫುಟ್‌ಬಾಲ್ ಆಡುವ ಮಕ್ಕಳು ಹಾಡಿದರು. ಚರ್ಚಿನಲ್ಲಿ ಕಪಲಮುಲ ಎದ್ದು ನಿಂತು ಪ್ರಾರ್ಥನೆ ಹೇಳುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಮೆಲ್ಲಗೆ ಆ ರಾಗವನ್ನು ಗುನುಗಿದರಂತೆ. ಅವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತಂತೆ. ಮಾರನೆಯ ವಾರ ಅವನು ಪೇಟೆಯಿಂದ ಕೊಂಡ ಹನ್ನೆರಡು ತಗಡು ಎತ್ತಿನಗಾಡಿಯಲ್ಲಿ ಬಂದು ನರ್ಸಮ್ಮನ ಮನೆಯ ಮುಂದೆ ಇಳಿದವು. ಉಳಿದದ್ದು ಎರಡು ವಾರದಲ್ಲಿ ಬರುತ್ತದೆ ಎಂದು ಅವನೇ ಯಜಮಾನನಿಗೆ ಹೇಳಿಕಳುಹಿಸಿದ. ಚುನಾವಣೆಗೆ ನಾಲ್ಕು ತಿಂಗಳಿತ್ತು, ಅವನಿಗೂ ಭಯವಿತ್ತು. ಜಿಯೋನೆಗೆ ಆಗ ಮೂರು ತಿಂಗಳು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಸಾಕಷ್ಟು ಸಮಯವಿತ್ತು.

ಹಾಳಾದ್ದು, ಆ ಎರಡು ವಾರದೊಳಗೇ ಬಿಳಿ ಜೀಪು ಬಂತು.

ಜೀಪಿನಲ್ಲಿ ಇಬ್ಬರಿದ್ದರು. ಒಬ್ಬಳು ಯಾವುದೋ ಚಳಿದೇಶದ ಹೆಂಗಸು, ಆಸ್ಟ್ರಿಡ್ ಮೇಡಂ. ಇನ್ನೊಬ್ಬ ನಮ್ಮವನೇ, ರಾಜಧಾನಿ ಲಿಲೊಂಗ್ವೆಯಲ್ಲಿ ಓದಿದ ಲಿಂಬಾನಿ ಎಂಬ ಯುವಕ. ಆ ಚಳಿದೇಶದ ಸರ್ಕಾರ ನಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಗಟ್ಟಿ ಮಾಡಲು ಹಣ ಕೊಟ್ಟಿದೆಯೆಂದೂ, ಹೆಂಗಸರ ದನಿ ಎಲ್ಲಿದೆ ಎಂದು ಅವರು ಜಿಲ್ಲೆಯೆಲ್ಲ ಹುಡುಕುತ್ತಿರುವಾಗ ನಮ್ಮ ಹಾಡು ಕಿವಿಗೆ ಬಿತ್ತೆಂದೂ ಲಿಂಬಾನಿ ಹೇಳಿದ. ನಾವು ಹಾಡಿ ತೋರಿಸಿದೆವು. ಅರ್ಥ ಕೇಳಿ ಆಸ್ಟ್ರಿಡ್ ಮೇಡಂ ಕಣ್ಣೊರೆಸಿಕೊಂಡಳು. ಸುಳ್ಳು ಹೇಳಲಾರೆ, ಅವಳ ಕಣ್ಣೀರು ನಿಜವಾದದ್ದೇ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಮ್ಮ ಗುಂಪಿಗೆ ಹೆಸರಿಟ್ಟರು, ಸೊಂಟಕ್ಕೆ ಸುತ್ತುವ ಹಸಿರು ಚಿತೇಂಜೆ ಬಟ್ಟೆ ಕೊಟ್ಟರು, ನನ್ನನ್ನು ನಾಯಕಿ ಮಾಡಿದರು. ಡೋವಾ ಪೇಟೆಯಲ್ಲಿ ನಾಲ್ಕು ದಿನದ ತರಬೇತಿ. ದಿನಾ ಕೋಳಿ, ಅನ್ನ, ಬಾಟ್ಲಿ ಫಾಂಟಾ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೈಕು ಹಿಡಿದು ನಿಂತೆ, ಉಬ್ಬಿ ಹೋದೆ. ಎನಿಫಾ ಮಾತ್ರ ಮೊದಲ ದಿನವೇ ಮೂಗು ಮುರಿದಳು. ಫೋಟೋಕ್ಕೆಂದು ಅವರು ಸಭಾಂಗಣದೊಳಗೆ ಒರಳು ತರಿಸಿದ್ದರು, ಅದರಲ್ಲಿ ಜೋಳವೇ ಇರಲಿಲ್ಲ. ಬರಿ ಒರಳನ್ನು ಕುಟ್ಟಬಾರದೆಂದು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ನಾನು ಕುಟ್ಟಿದೆ. ನಾಲ್ಕು ಸಲ ಕುಟ್ಟಿದೆ, ಏಕೆಂದರೆ ಮೊದಲ ಮೂರು ಫೋಟೋ ಸರಿಯಾಗಿ ಬರಲಿಲ್ಲ.

ಎರಡನೆಯ ದಿನ ಲಿಂಬಾನಿ ನಮ್ಮ ಹಾಡನ್ನು ಹಲಗೆಯ ಮೇಲೆ ಬರೆದ. ಒಂದು ಗೆರೆಯ ಕೆಳಗೆ ಕೆಂಪು ಗೀಟು ಎಳೆದ.

"ಅಮ್ಮಾ, ಈ ಹೆಸರೊಂದು ಬೇಡ," ಎಂದ. ಹೊರದೇಶದ ಸರ್ಕಾರದ ಹಣ, ಚುನಾವಣೆ ಹತ್ತಿರ, ಯಾರ ಪರವೂ ಇರಬಾರದು, ಯಾರ ವಿರುದ್ಧವೂ ಇರಬಾರದು. ಅದು ಅವರ ನಿಯಮ.

"ಹೆಸರು ತೆಗೆದ್ರೆ ಹಾಡಲ್ಲಿ ಇನ್ನೇನಪ್ಪಾ ಉಳೀತು?" ಎಂದು ಕೇಳಿದೆ.

"ಹೆಸರು ತೆಗೆದ್ರೆ ಅದು ಎಲ್ಲರ ಹಾಡಾಗುತ್ತೆ, ಅಮ್ಮಾ. ಕಳ್ಳತನದ ಬಗ್ಗೆ ಇಡೀ ದೇಶ ಹಾಡಬಹುದು."

"ಇಡೀ ದೇಶ ನಮ್ಮೂರ ತಗಡು ಕದ್ದಿಲ್ಲವಲ್ಲ. ಕದ್ದೋನು ಒಬ್ಬ."

ಹಿಂದಿದ್ದ ಹೆಂಗಸರು ನಕ್ಕರು. ಲಿಂಬಾನಿ ನಗಲಿಲ್ಲ. ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕುಳಿತು, ದನಿ ತಗ್ಗಿಸಿ, ಈ ಹಂತ ಚೆನ್ನಾಗಿ ನಡೆದರೆ ಎರಡನೆಯ ಹಂತ ಬರುತ್ತದೆ, ಅದರಲ್ಲಿ ಊರಿಗೆ ಬೇಕಾದ ಕಟ್ಟಡ ಕೆಲಸವೂ ಇರಬಹುದು, ನರ್ಸಮ್ಮನ ಮನೆಯ ವಿಷಯವನ್ನು ತಾನೇ ಬರೆದು ಕಳುಹಿಸುತ್ತೇನೆ ಎಂದ. ಇರಬಹುದು ಎಂದ, ಇದೆ ಎನ್ನಲಿಲ್ಲ. ನನ್ನ ಕಿವಿ ಮಾತ್ರ ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತು. ಕಪಲಮುಲನ ಉಳಿದ ಇಪ್ಪತ್ತೆಂಟು ತಗಡು ಯಾಕೆ, ಇವರೇ ಹೊಸದು ಹಾಕಿಸಿಕೊಟ್ಟರೆ ನರ್ಸು ಇನ್ನೂ ಬೇಗ ಬಂದಾಳು ಎಂದುಕೊಂಡೆ. ಒಪ್ಪಿದೆ.

ಮೊದಲು ಹೆಸರು ಹೋಯಿತು. "ಯಾರದೋ ಅಂಗಡಿ ಮ್ಯಾಲೆ" ಎಂದಾಯಿತು. ಮೂರನೆಯ ದಿನ ಅಂಗಡಿಯೂ ಹೋಯಿತು, ಯಾಕೆಂದರೆ ನಮ್ಮ ಕಡೆ ಕೆಂಪು ಮಾಡಿನ ಅಂಗಡಿ ಇರುವುದು ಒಂದೇ. ನಾಲ್ಕನೆಯ ದಿನದ ಹೊತ್ತಿಗೆ ಕೊನೆಯ ಸಾಲು "ನಮ್ಮ ಹಕ್ಕ ನಾವು ಕೇಳೋಣ, ಶಾಂತಿಯಿಂದ ಮತ ಹಾಕೋಣ" ಎಂದಾಗಿತ್ತು. ಎನಿಫಾ ನನ್ನ ಜೊತೆ ಬಸ್ಸಿನಲ್ಲಿ ಊರಿಗೆ ಬಂದಳು. ಇಳಿಯುವಾಗ, "ಹಲ್ಲು ಕಿತ್ತ ನಾಯಿನ ಬಾಗಿಲಿಗೆ ಕಟ್ಟೋಕೆ ಹೊರಟಿದೀಯ ಕಣೇ, ಫಿಲೇಸಿ," ಎಂದಳು. ನಾನು ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಕೊನೆಯ ದಿನ ಅವರು ಕೊಟ್ಟ ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ಸಾರ್ವಜನಿಕವಾಗಿ ಮಾತಾಡುವುದರಲ್ಲಿ ತರಬೇತಿ ಪಡೆದವಳು ಎಂದು ಬರೆದಿತ್ತು. ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ.

ಕಾರ್ಯಕ್ರಮದ ಉದ್ಘಾಟನೆ ನಮ್ಮೂರ ಶಾಲೆಯ ಬಯಲಲ್ಲಿ. ಇಂಥ ಸಭೆಗೆ ವಾರ್ಡಿನ ಕೌನ್ಸಿಲರನ್ನು ಮುಖ್ಯ ಅತಿಥಿಯಾಗಿ ಕರೆಯದಿದ್ದರೆ ಜಿಲ್ಲಾ ಕಚೇರಿ ಅನುಮತಿಯನ್ನೇ ಕೊಡುವುದಿಲ್ಲವಂತೆ. ಕಪಲಮುಲ ಬಿಳಿ ಅಂಗಿ ತೊಟ್ಟು ಬಂದು ಆಸ್ಟ್ರಿಡ್ ಮೇಡಂ ಪಕ್ಕದ ಮೆತ್ತನೆಯ ಕುರ್ಚಿಯಲ್ಲಿ ಕುಳಿತ. ನಾವು ಹಸಿರು ಬಟ್ಟೆ ಉಟ್ಟು ಹಾಡಿದೆವು. ಎರಡನೆಯ ಸಾಲಿಗೆ ಅವನ ಮೈ ಬಿಗಿಯಾದದ್ದನ್ನು ನಾನು ಕಂಡೆ. ಕೊನೆಯ ಸಾಲು ಬಂತು. ಹೆಸರು ಬರಲಿಲ್ಲ. ಅವನು ಉಸಿರು ಬಿಟ್ಟ. ಆಮೇಲೆ ಎದ್ದು ಬಂದು ನಮ್ಮ ನಡುವೆ ಕುಣಿದ. ಚೆನ್ನಾಗಿಯೇ ಕುಣಿದ, ದರಿದ್ರದವನು. ಕುಣಿಯುವವರಿಗೆ ದೊಡ್ಡವರು ನೋಟು ಅಂಟಿಸುವುದು ನಮ್ಮ ಪದ್ಧತಿ. ನನ್ನ ಬೆವರಿದ ಹಣೆಗೆ ಐನೂರು ಕ್ವಾಚದ ನೋಟು ಅಂಟಿಸಿದ. ನಾನು ಅದನ್ನು ಕಿತ್ತೆಸೆಯಬೇಕಿತ್ತು. ಕ್ಯಾಮೆರಾ ಇತ್ತು, ಮೇಡಂ ಚಪ್ಪಾಳೆ ತಟ್ಟುತ್ತಿದ್ದಳು, ನಾನು ನಕ್ಕೆ.

ಭಾಷಣದಲ್ಲಿ ಅವನು, ಈ ತಾಯಂದಿರು ಸತ್ಯ ಹಾಡಿದ್ದಾರೆ, ಕಳ್ಳರು ಎಲ್ಲಿದ್ದರೂ ಹಿಡಿಯಬೇಕು ಎಂದ. ಇಂಥ ಯೋಜನೆಯನ್ನು ತನ್ನ ವಾರ್ಡಿಗೆ ತರಲು ಎಷ್ಟು ಓಡಾಡಿದೆ ಎಂಬುದನ್ನೂ ಹೇಳಿದ. ಜನ ನಂಬಿದರು. ಯಾಕೆ ನಂಬಬಾರದು? ಜೀಪು ಬಂದಿತ್ತು, ಮೇಡಂ ಅವನ ಪಕ್ಕದಲ್ಲೇ ಕೂತಿದ್ದಳು, ಅವನನ್ನು ಬಯ್ಯುತ್ತಿದ್ದ ಹೆಂಗಸರೇ ಅವನ ಮುಂದೆ ಕುಣಿದಿದ್ದರು. ಅದಾದ ಮೇಲೆ ಒಂದು ತಗಡೂ ಬರಲಿಲ್ಲ. ಇಳಿಸಿದ್ದ ಹನ್ನೆರಡಕ್ಕೂ ಗೋಡೆಗೆ ಒರಗಿದ ಹಾಗೆಯೇ ತುಕ್ಕು ಹತ್ತಿತು.

ಚುನಾವಣೆಯಲ್ಲಿ ಅವನು ಹಿಂದಿನದಕ್ಕಿಂತ ದುಪ್ಪಟ್ಟು ಅಂತರದಲ್ಲಿ ಗೆದ್ದ. ಮತ ಎಣಿಸಿದ್ದರಲ್ಲಿ ಮೋಸವೇನೂ ಇರಲಿಲ್ಲ. ಅದನ್ನು ನೋಡಲೂ ಆ ಚಳಿದೇಶದವರೇ ಜನರನ್ನು ಕಳುಹಿಸಿದ್ದರು. ಎಲ್ಲ ಶಾಂತವಾಗಿ ನಡೆಯಿತೆಂದು ರೇಡಿಯೋದಲ್ಲಿ ಹೊಗಳಿದರು.

ಮುಂದಿನ ತಿಂಗಳು ಲಿಂಬಾನಿ ಒಬ್ಬನೇ ಬಂದ, ಕೈಯಲ್ಲಿ ಪ್ರಶ್ನೆಗಳ ಹಾಳೆ. ಯೋಜನೆಯಿಂದ ನಿಮ್ಮ ಧೈರ್ಯ ಎಷ್ಟು ಹೆಚ್ಚಿತು, ಒಂದರಿಂದ ಐದರಲ್ಲಿ ಹೇಳಿ ಎಂದ. ನಾನು ಎರಡನೆಯ ಹಂತದ ಬಗ್ಗೆ ಕೇಳಿದೆ. ಅವನು ಹಾಳೆ ಕೆಳಗಿಟ್ಟ. ತಾನು ಬರೆದು ಕಳುಹಿಸಿದ್ದು ನಿಜವಂತೆ. ಅಲ್ಲಿಂದ ಉತ್ತರ ಬಂದದ್ದೂ ನಿಜವಂತೆ. ಅವರ ಹಣ ಪ್ರಜಾಪ್ರಭುತ್ವಕ್ಕೆ ಮಾತ್ರ, ಆಸ್ಪತ್ರೆಯ ಮಾಡಿಗೆ ಬೇರೆ ಇಲಾಖೆ, ಬೇರೆ ದೇಶ. ಎರಡನೆಯ ಹಂತ ಬರುತ್ತದೆ, ಆದರೆ ಬೇರೆ ಜಿಲ್ಲೆಗೆ.

"ನನ್ನ ಮಗಳಿಗೆ ಎಂಟು ತಿಂಗಳು ಕಣಪ್ಪಾ," ಎಂದೆ. "ನೀನು ಬರೋಕೆ ಮುಂಚೆ ಹನ್ನೆರಡು ತಗಡು ಬಂದಿತ್ತು. ನೀನು ಬಂದ್ಮೇಲೆ ಒಂದೂ ಬರ್ಲಿಲ್ಲ. ಇದನ್ನ ಒಂದರಿಂದ ಐದರಲ್ಲಿ ಎಲ್ಲಿ ಬರ್ಕೋತೀಯ?"

ಅವನು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಅವನ ಕೆಲಸವೂ ಆ ತಿಂಗಳಿಗೆ ಮುಗಿಯುತ್ತಿತ್ತಂತೆ. ಇಷ್ಟೆಲ್ಲ ಆದ ಮೇಲೂ ನಾನು ಅವನಿಗೆ ನ್ಸಿಮ ಮುದ್ದೆ ಬಡಿಸಿ ಕಳುಹಿಸಿದೆ. ಮನೆಗೆ ಬಂದವನನ್ನು ಹಸಿದು ಕಳುಹಿಸಬಾರದು.

ಮಾರನೆಯ ಬೆಳಿಗ್ಗೆ ಒರಳಿಗೆ ಜೋಳ ಸುರಿದೆ. ಎನಿಫಾಳನ್ನು ಕರೆದೆ, ಇನ್ನೂ ನಾಲ್ವರನ್ನು ಕರೆದೆ. ಹಸಿರು ಬಟ್ಟೆ ಉಡಬೇಡಿ ಎಂದೆ. ಹಳೆಯ ಹಾಡನ್ನೇ ಎತ್ತಿದೆ. ಕೊನೆಯ ಸಾಲಿಗೆ ಕಪಲಮುಲನ ಹೆಸರನ್ನು ಎದೆಯಿಂದ ಹಾಡಿದೆ. ನನ್ನ ಒಂಟಿ ದನಿ ನನಗೇ ಕೇಳಿಸಿತು. ಒನಕೆಗಳು ಏಳುತ್ತಿದ್ದವು, ಬೀಳುತ್ತಿದ್ದವು, ಬಾಯಿಗಳು ಮುಚ್ಚಿದ್ದವು. ಸಣ್ಣ ವಯಸ್ಸಿನವಳೊಬ್ಬಳು, ಇದಕ್ಕೆ ಯೋಜನೆಯವರ ಕಾಗದ ಬಂದಿದೆಯಾ ಎಂದು ಕೇಳಿದಳು. ನಾನು ಬಯ್ಯುತ್ತೇನೆಂದು ಅವಳು ಒನಕೆ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದಳು.

ಮಧ್ಯಾಹ್ನಕ್ಕೆ ಯಜಮಾನನ ಕರೆ ಬಂತು. ಮರದ ಕೆಳಗೆ ನ್ಯಾಯಕ್ಕೆ ಕೂತಿದ್ದರು; ಚಿಂಬಲಾಂಗ, ನಾಲ್ವರು ಹಿರಿಯರು, ಪಕ್ಕದಲ್ಲಿ ಕಪಲಮುಲ. ಊರ ಹೆಂಗಸರೆಲ್ಲ ಚಾಪೆಯ ಮೇಲೆ. ನಾನು ಹೆದರಿರಲಿಲ್ಲ. ಒರಳಿನ ಮುಂದೆ ಹಾಡಿದ್ದು, ಒರಳಲ್ಲಿ ಜೋಳವಿತ್ತು, ಇದಕ್ಕೆ ನ್ಯಾಯವೇ ಕೂರುವಂತಿಲ್ಲ ಎಂದು ನಿಂತುಕೊಂಡೇ ಹೇಳಿದೆ. ಹಿರಿಯರಲ್ಲಿ ಇಬ್ಬರು ಹೌದೆಂದು ಗೋಣು ಹಾಕಿದರು.

ಚಿಂಬಲಾಂಗ ನನ್ನ ಮುಖ ನೋಡಲಿಲ್ಲ.

"ಜಿಯೋನೆ ಅಮ್ಮ, ಒರಳಿನ ಮುಂದೆ ಹೆಂಗಸರು ಹಾಡಿದ್ರೆ ನಮಗೆ ಕಿವಿ ಇಲ್ಲ. ಅದು ಸಂಕಟದ ಹಾಡು, ಬಾಯಿಗೆ ಬಂದದ್ದು ಬರ್ಲಿ ಅಂತ ಹಿರೀಕರು ಬಿಟ್ರು. ಆದ್ರೆ ನಿನ್ನ ಬಾಯಿಗೆ ಈಗ ಸರ್ಟಿಫಿಕೇಟು ಐತೆ. ಸಾರ್ವಜನಿಕವಾಗಿ ಮಾತಾಡೋದ್ನ ಕಲಿತೋಳು ಅಂತ ಬರ್ದವ್ರೆ. ಕಲಿತೋಳು ಆಡಿದ್ದು ಹಾಡಲ್ಲ, ಭಾಷಣ. ಭಾಷಣಕ್ಕೆ ಅನುಮತಿ ಬೇಕು."

ಮೈ ಉರಿದು ಹೋಯಿತು. ಇದು ಅವನ ತಲೆಗೆ ಹೊಳೆದ ಮಾತಲ್ಲ, ಪಕ್ಕದಲ್ಲಿ ಕೂತವನು ಅರೆದು ಕುಡಿಸಿದ್ದು. ಆ ಸರ್ಟಿಫಿಕೇಟನ್ನು ಹರಿದು ಒಲೆಗೆ ಹಾಕುತ್ತೇನೆ ಎಂದೆ. ಕಾಗದ ಹರಿದರೆ ಕಲಿತದ್ದು ಹೋಗುತ್ತದೆಯೇ ಎಂದು ಒಬ್ಬ ಹಿರಿಯ ಕೇಳಿದ. ಜನ ನಕ್ಕರು. ಇನ್ನು ಯಾರು ಯಾರು ಹಾಡಿದರು ಎಂದು ಚಿಂಬಲಾಂಗ ಹೆಂಗಸರ ಕಡೆ ತಿರುಗಿದ. ಎನಿಫಾ ಎದ್ದಳು. ತಾನು ಜೋಳ ಕುಟ್ಟಿದೆ, ಹಾಡಲಿಲ್ಲ ಎಂದಳು. ಅದು ನಿಜವೇ ಆಗಿತ್ತು. ಮೂವತ್ತು ವರ್ಷದಲ್ಲಿ ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ.

ಒಂದು ಮೇಕೆ ದಂಡ. ಇನ್ನು ಮುಂದೆ ಗುಂಪಾಗಿ ಹಾಡಬೇಕಾದರೆ ಒಂದು ವಾರ ಮುಂಚೆ ತಿಳಿಸಬೇಕು. ತೀರ್ಪು ಅಷ್ಟೇ. ಎಲ್ಲರೂ ಏಳುವಾಗ ಕಪಲಮುಲ ನನ್ನ ಹತ್ತಿರ ಬಂದ. ಗೆದ್ದವನ ಸಮಾಧಾನ ಅವನ ಮುಖದಲ್ಲಿ ಹರಡಿತ್ತು.

"ಅಮ್ಮಾ, ನಂಗೆ ನಿಮ್ಮ ಮೇಲೆ ಕೋಪ ಇಲ್ಲ," ಎಂದ. "ನೀವೀಗ ತಿಳಿದೋರು. ತಿಳಿದೋರು ಕೇಳೋ ರೀತೀಲಿ ಕೇಳಿ. ಒಂದು ಅರ್ಜಿ ಕೊಡಿ, ಶಿಫಾರಸು ನಾನೇ ಬರೀತೀನಿ. ನಿಮ್ಮ ಮಗಳು ಅಂದ್ರೆ ನನ್ನ ಮಗಳಲ್ವಾ?"

ಮನೆಗೆ ಬಂದು ಒನಕೆಯನ್ನು ಗೋಡೆಗೆ ಎಸೆದೆ. ಅರ್ಜಿಯಂತೆ. ನನ್ನ ಮನೆಯಿಂದ ಕದ್ದ ಕೋಳಿಯನ್ನು ನನಗೇ ದಾನ ಮಾಡು ಎಂದು ಕಳ್ಳನಿಗೆ ಅರ್ಜಿ. ಸತ್ತರೂ ಬರೆಯುವುದಿಲ್ಲ ಎಂದು ಕೂಗಾಡಿದೆ. ಚಳಿದೇಶವನ್ನು ಬಯ್ದೆ, ಲಿಂಬಾನಿಯನ್ನು ಬಯ್ದೆ, ಬರಿ ಒರಳು ಕುಟ್ಟಿದ ನನ್ನ ಕೈಯನ್ನು ಬಯ್ದೆ.

ಜಿಯೋನೆ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಕಾಲು ಬಾತುಕೊಂಡಿತ್ತು, ಬೆರಳಿಟ್ಟರೆ ಗುಳಿ ಬೀಳುವಷ್ಟು. ನಾನು ಸುಸ್ತಾಗಿ ಸುಮ್ಮನಾಗುವವರೆಗೂ ಅವಳು ಕಾದಳು. ಆಮೇಲೆ ಎದ್ದು, ಯೋಜನೆಯವರು ಕೊಟ್ಟಿದ್ದ ಪೆನ್ನು, ನೋಟುಬುಕ್ಕು ತಂದು ನನ್ನ ಮುಂದಿಟ್ಟಳು.

"ಮಾನ ನಿಂದು, ಅಮ್ಮಾ. ಹೊಟ್ಟೆ ನಂದು," ಎಂದಳು.

ನೆಲದ ಮೇಲೆ ಕೂತೆ. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು, ಅವಳ ಉಸಿರು ಭಾರವಾಗಿ ಬರುತ್ತಿತ್ತು. ಅಕ್ಷರ ಜೋಡಿಸಿ ಜೋಡಿಸಿ ಕಪಲಮುಲ ಎಂದು ಬರೆದೆ. ಏಳು ಊರಿನ ಒರಳಿನಲ್ಲಿ ಹಾಡಿಸಿದ್ದ ಹೆಸರು ಅದು. ಬರೆದದ್ದು ಅದೇ ಮೊದಲು.

"ಮುಂದೆ 'ಮಾನ್ಯ' ಅಂತ ಸೇರಿಸಮ್ಮ," ಎಂದಳು ಜಿಯೋನೆ.

ಸೇರಿಸಿದೆ.